ಇಂಗ್ಲಿಷಲ್ಲಿ ಹಣ್ಣಿನ ಹೆಸರು ಬಂದಾಗೆಲ್ಲ ಹಣ್ಣಲ್ಲ: ಕಾಫಿ ಸೀಮೆಯವರಿಗೊಂದು ಗೈಡ್

ಚಿಕ್ಕಮಗಳೂರು ಕಡೆ ಯಾರಾದ್ರೂ "ಇವತ್ತು ಚೆರಿ ಎಷ್ಟು ನಡೀತಿದೆ" ಅಂತ ಕೇಳಿದ್ರೆ ಅವರು ಕೇಕ್ ಮೇಲೆ ಕೂತಿರೋ ಕೆಂಪು ಹಣ್ಣಿನ ಬಗ್ಗೆ ಕೇಳ್ತಿಲ್ಲ ಅಂತ ಇಲ್ಲಿ ಸ್ಕೂಲ್ ಹುಡುಗರಿಗೂ ಗೊತ್ತು, 50 ಕೆಜಿ ಮೂಟೆ ಕಾಫಿ ರೇಟ್ ಕೇಳ್ತಿದಾರೆ ಅಷ್ಟೇ. ಅಂದ್ರೆ ಇಂಗ್ಲಿಷಲ್ಲಿ ಹಣ್ಣಿನ ಹೆಸರು ಹಣ್ಣು ಬಿಟ್ಟು ಬೇರೆ ಕೆಲಸಾನೂ ಮಾಡುತ್ತೆ ಅನ್ನೋದು ನಮಗೇನು ಹೊಸದಲ್ಲ. ಆದ್ರೆ ಅದೇ ನಾವು ಮೊಬೈಲಲ್ಲಿ "ಮೈ ನ್ಯೂ ಕಾರ್ ಈಸ್ ಎ ಲೆಮನ್" ಅಂತ ಓದಿದ್ರೆ, ಆಫೀಸ್ ಮೀಟಿಂಗಲ್ಲಿ ಯಾರಾದ್ರೂ "ಲೋ ಹ್ಯಾಂಗಿಂಗ್ ಫ್ರೂಟ್" ಅಂದ್ರೆ ತಲೆ ಕೆರ್ಕೋತಾ ಕೂರ್ತೀವಿ.

ಇದಕ್ಕೆ ಜನ ಮಾಡೋದೇನು ಅಂದ್ರೆ ಇಂಟರ್ನೆಟ್ಟಿಂದ ಉದ್ದದ ಇಡಿಯಮ್ (ನುಡಿಗಟ್ಟು) ಲಿಸ್ಟ್ ಡೌನ್‌ಲೋಡ್ ಮಾಡ್ಕೊಂಡು ಬಾಯಿಪಾಠ ಹೊಡೆಯೋದು. ನನ್ನ ಕೇಳಿದ್ರೆ ಅದು ದಂಡ. ಎರಡು ದಿನಕ್ಕೆ ಮರ್ತೋಗುತ್ತೆ, ನೆನಪಿದ್ರೂ ಎಲ್ಲಿ ಹಾಕ್ಬೇಕು ಅಂತ ಗೊತ್ತಾಗಲ್ಲ. ಅದರ ಬದಲು ಹಣ್ಣಿನ ಹೆಸರು ಕಂಡಾಗ ಅದು ಯಾವ ವೇಷದಲ್ಲಿದೆ ಅಂತ ಕಂಡುಹಿಡಿಯೋದು ಕಲೀರಿ, ಅರ್ಥ ಮುಕ್ಕಾಲು ಪಾಲು ತಾನಾಗೇ ಬರುತ್ತೆ. ಹೆಂಗೆ ಅಂತ ಒಂದೊಂದೇ ಹೆಜ್ಜೆ ಹೇಳ್ತೀನಿ. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಡಿಗ್ರಿ ಓದೋ ಮಕ್ಕಳು, ಹೋಮ್‌ಸ್ಟೇ ನಡೆಸೋರು, ತೋಟದ ಲೆಕ್ಕ ಬರೆಯೋ ರೈಟರ್‌ಗಳು, ಬೆಂಗಳೂರಿಗೆ ಕೆಲಸಕ್ಕೆ ಹೊರಟಿರೋರು, ಎಲ್ಲರಿಗೂ ಆಗ್ಬೇಕು ಅಂತ ಬರೀತಿರೋದು.

ಹೆಜ್ಜೆ 1: ಹಣ್ಣು ಬದಲಾಯಿಸಿ ನೋಡಿ

ಇದು ತುಂಬ ಸುಲಭದ ಟೆಸ್ಟು. ವಾಕ್ಯದಲ್ಲಿರೋ ಹಣ್ಣು ತೆಗೆದು ಇನ್ನೊಂದು ಹಣ್ಣು ಹಾಕಿ. "ಐ ಬಾಟ್ ಸಮ್ ಆಪಲ್ಸ್" ಅನ್ನೋದನ್ನ "ಐ ಬಾಟ್ ಸಮ್ ಆರೆಂಜಸ್" ಮಾಡಿದ್ರೆ ವಾಕ್ಯಕ್ಕೇನೂ ಆಗಲ್ಲ, ಸೇಬು ಹೋಗಿ ಕಿತ್ತಳೆ ಬಂತು ಅಷ್ಟೇ. ಹಾಗಾದ್ರೆ ಅದು ನಿಜವಾದ ಹಣ್ಣು. ಈಗ "ಶಿ ಈಸ್ ದಿ ಆಪಲ್ ಆಫ್ ಹರ್ ಫಾದರ್ಸ್ ಐ" ತಗೊಳ್ಳಿ, ಇಲ್ಲಿ ಆಪಲ್ ತೆಗೆದು ಆರೆಂಜ್ ಹಾಕಿದ್ರೆ ಅಪ್ಪನ ಕಣ್ಣಲ್ಲಿ ಕಿತ್ತಳೆ ಅಂತಾಗಿ ನಗೆಪಾಟಲು. ಬದಲಾಯಿಸಿದ ತಕ್ಷಣ ವಾಕ್ಯ ಕುಸಿದ್ರೆ ಅದು ಹಣ್ಣಲ್ಲ, ಅಚ್ಚು ಹಾಕಿಟ್ಟ ಮಾತು, ಆ ಮೂರ್ನಾಲ್ಕು ಪದಾನ ಒಟ್ಟಿಗೇ ಎತ್ಕೋಬೇಕು, ಬಿಡಿಸಿ ಅರ್ಥ ಮಾಡೋಕೆ ಹೋಗ್ಬಾರ್ದು. ಅಂದಹಾಗೆ ಈ ಆಪಲ್ ಆಫ್ ದಿ ಐ ಮೊದಲಿಗೆ ಕಣ್ಣೊಳಗಿನ ಕಪ್ಪು ಪಾಪೆಗೇ ಇದ್ದ ಹೆಸರು, ಅದು ಸೇಬಿನ ಥರ ಗುಂಡಗಿರುತ್ತೆ ಅಂತ ಅಂದ್ಕೊಂಡಿದ್ರು, ಆಮೇಲೆ ಕಣ್ಣಿನಷ್ಟು ಜೋಪಾನ ಮಾಡೋ ಮನುಷ್ಯರಿಗೆ ಬಂತು. ನಾವು ಕಣ್ಮಣಿ ಅಂತೀವಲ್ಲ, ಸಾಗಿ ಬಂದ ದಾರಿ ಒಂದೇ.

ಟೆಸ್ಟ್ ಜೊತೆಗೆ ಅಕ್ಕಪಕ್ಕದ ಪದಾನೂ ನೋಡಿ. ಹಣ್ಣಿನ ಹಿಂದೆ ತಿನ್ನೋದು, ಕೊಳ್ಳೋದು, ಹೆಚ್ಚೋದು, ಬೆಳೆಯೋದು ಇದ್ರೆ ಹಣ್ಣೇ. "ಗೋ" ಇದ್ದು ಮುಂದೆ "ಬನಾನಾಸ್" ಇದ್ರೆ ಯಾರಿಗೋ ಹುಚ್ಚು ಹಿಡಿದಿದೆ ಅಂತ, ಸಿಟ್ಟಿಂದ ಆಗ್ಲಿ ಖುಷಿಯಿಂದ ಆಗ್ಲಿ. ಕಾರು, ಫ್ರಿಜ್ಜು, ವಾಷಿಂಗ್ ಮಷೀನ್ ಬಗ್ಗೆ ಮಾತಾಡ್ತಾ "ಎ ಲೆಮನ್" ಬಂದ್ರೆ ಆ ವಸ್ತು ಡಬ್ಬಾ ಅಂತ. ಕೆಲಸ, ಪೋಸ್ಟಿಂಗ್, ಖಾತೆ ಇವುಗಳ ಹಿಂದೆ "ಪ್ಲಮ್" ಬಂದ್ರೆ ಎಲ್ಲರೂ ಬಾಯಿ ಬಿಡೋ ಅಂಥ ಹುದ್ದೆ, ನಮ್ಮ ಪೇಪರ್‌ನೋರು ಫಲವತ್ತಾದ ಖಾತೆ ಅಂತ ಬರೀತಾರಲ್ಲ ಅದು.

ಹೆಜ್ಜೆ 2: ಯಾವ ಕಸುಬಿನ ಮಾತು ಅಂತ ಕೇಳಿ

ಒಂದೇ ಹಣ್ಣಿನ ಹೆಸರು ಒಂದೊಂದು ಫೀಲ್ಡಲ್ಲಿ ಒಂದೊಂದು. ಚೆರಿಯಿಂದಾನೇ ಶುರು ಮಾಡೋಣ, ಯಾಕಂದ್ರೆ ಇದರಲ್ಲಿ ನಾವು ಇಂಗ್ಲಿಷ್‌ನೋರಿಗಿಂತ ಒಂದು ಹೆಜ್ಜೆ ಮುಂದೆ.

ನಮ್ಮಲ್ಲಿ ಕಾಫಿ ಹಣ್ಣನ್ನ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ರೆ ಪಾರ್ಚ್‌ಮೆಂಟ್, ಹಣ್ಣನ್ನ ಸಿಪ್ಪೆ ಸಮೇತ ಹಾಗೇ ಕಣದಲ್ಲಿ ಹರವಿ ಒಣಗಿಸಿದ್ರೆ ಚೆರಿ. ಅದಕ್ಕೇ ರೇಟ್ ಬೋರ್ಡಲ್ಲಿ ಕಾಫಿಯ ಎರಡು ಜಾತಿಗೂ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ ಅಂತ ನಾಲ್ಕು ಸಾಲು ಇರೋದು. ಆದ್ರೆ ಇಥಿಯೋಪಿಯಾ, ಕೀನ್ಯಾ, ಬ್ರೆಜಿಲ್ ಕಾಫಿ ಬಗ್ಗೆ ಇಂಗ್ಲಿಷಲ್ಲಿ ಓದುವಾಗ ಹುಷಾರು, ಅಲ್ಲಿ ಚೆರಿ ಅಂದ್ರೆ ಗಿಡದಿಂದ ಆಗಷ್ಟೇ ಕುಯ್ದ ಹಸಿ ಹಣ್ಣು. ರೈತರು ವಾಷಿಂಗ್ ಸ್ಟೇಷನ್‌ಗೆ ಚೆರಿ ತಂದು ಹಾಕಿದ್ರು ಅಂತ ಇದ್ರೆ ಒಣಗಿದ ಮೂಟೆ ತಂದ್ರು ಅಂತ ತಿಳ್ಕೋಬೇಡಿ. ನಾವು ಚೆರಿ ಅನ್ನೋ ಒಣ ಸಂಸ್ಕರಣೆಯ ಕಾಫಿಗೆ ಹೊರಗಡೆ ಹೆಚ್ಚಾಗಿ ನ್ಯಾಚುರಲ್ ಅಂತಾರೆ. ನಿಮ್ಮ ತೋಟದ ಕಾಫಿನ ವಿದೇಶಿ ಗೆಸ್ಟ್‌ಗೆ ಪರಿಚಯ ಮಾಡ್ಕೊಡುವಾಗ "ದಿಸ್ ಈಸ್ ಚೆರಿ" ಅಂತ ಬೇಳೆ ತೋರಿಸಿದ್ರೆ ಅವರು ಮುಖ ಮುಖ ನೋಡ್ತಾರೆ, "ಡ್ರೈ ಪ್ರೋಸೆಸ್ಡ್" ಅಥವಾ "ನ್ಯಾಚುರಲ್" ಅನ್ನಿ ಸಾಕು.

ಇಲ್ಲೇ ಇನ್ನೊಂದು ತಮಾಷೆ ಇದೆ. ತೋಟದಲ್ಲಿ ಹಣ್ಣಾಗಿರೋದನ್ನ ಮಾತ್ರ ಆರಿಸಿ ಕುಯ್ಯೋದು ಒಳ್ಳೇ ಕೆಲಸ, ಕಾಯಿ ಹಣ್ಣು ಎಲ್ಲ ಒಟ್ಟಿಗೆ ಬಾಚಿದ್ರೆ ಬೈಸ್ಕೋಬೇಕು. ಆದ್ರೆ ಇಂಗ್ಲಿಷಲ್ಲಿ ವಾದ ಮಾಡುವಾಗ "ಯು ಆರ್ ಚೆರಿ ಪಿಕಿಂಗ್" ಅಂದ್ರೆ ಅದು ಆರೋಪ, ನಿನಗೆ ಬೇಕಾದ ಅಂಕಿ ಅಂಶ ಮಾತ್ರ ಆರಿಸ್ಕೊಂಡು ಉಳಿದಿದ್ದು ಮುಚ್ಚಿಟ್ಟೆ ಅಂತ. ಟೀಮಿಗೆ ಆಟಗಾರರನ್ನ ಚೆರಿ ಪಿಕ್ ಮಾಡಿದ್ರು ಅಂದ್ರೆ ಮಾತ್ರ ಅಷ್ಟು ಕೆಟ್ಟದಲ್ಲ, ಒಳ್ಳೊಳ್ಳೇರನ್ನೇ ಆರಿಸ್ಕೊಂಡ್ರು ಅಂತ. ಇನ್ನು ಸಾಫ್ಟ್‌ವೇರ್‌ನೋರ ಹತ್ರ ಗಿಟ್ ಅನ್ನೋ ಟೂಲಲ್ಲಿ ಚೆರಿ ಪಿಕ್ ಅಂತ ಒಂದು ಕಮಾಂಡೇ ಇದೆ, ಒಂದು ಬ್ರಾಂಚಲ್ಲಿ ಮಾಡಿದ ಬದಲಾವಣೆಗಳಲ್ಲಿ ಬೇಕಾದ್ದೊಂದನ್ನ ಮಾತ್ರ ಇನ್ನೊಂದು ಬ್ರಾಂಚಿಗೆ ತರೋದು. ಅಲ್ಲಿ ಹೊಗಳಿಕೆನೂ ಇಲ್ಲ ತೆಗಳಿಕೆನೂ ಇಲ್ಲ.

ಬೇಕರಿಗೆ ಬನ್ನಿ. ಅಯ್ಯಂಗಾರ್ ಬೇಕರಿ ನಡೆಸೋರಲ್ಲಿ ಎಷ್ಟೋ ಕುಟುಂಬಗಳ ಮೂಲ ನಮ್ಮ ಹಾಸನ ಜಿಲ್ಲೆ ಅಲ್ವಾ, ಅಲ್ಲಿ ಕೇಕ್ ಮೇಲೆ ಇಡೋ ಸಕ್ಕರೆ ಪಾಕದ ಕೆಂಪು ಚೆರಿ ಬಹಳಷ್ಟು ಸಲ ಚೆರಿನೇ ಅಲ್ಲ, ಬೇಲಿ ಸಾಲಲ್ಲಿ ಮುಳ್ಳು ಗಿಡದಲ್ಲಿ ಬಿಡೋ ಕವಳೆಕಾಯಿ, ಕರಂಡೆ ಅಂತಾನೂ ಅಂತಾರೆ, ಅದನ್ನ ಬಣ್ಣ ಹಾಕಿ ಪಾಕದಲ್ಲಿ ಅದ್ದಿರೋದು. ಟೂಟಿ ಫ್ರೂಟಿ ಅಂದ್ರೆ ಇಟಾಲಿಯನ್ನಲ್ಲಿ ಎಲ್ಲಾ ಹಣ್ಣುಗಳು ಅಂತ ಅರ್ಥ, ಒಳಗಿರೋದು ಮಾತ್ರ ಬರೀ ಪರಂಗಿಕಾಯಿ ಚೂರು. ರುಚಿಗೇನೂ ಮೋಸ ಇಲ್ಲ ಬಿಡಿ.

ಆದ್ರೆ ಹಣ್ಣಿನ ಇಂಗ್ಲಿಷ್ ಕಲಿಯೋಕೆ ಕ್ರಿಕೆಟ್ ಕಾಮೆಂಟ್ರಿಯಷ್ಟು ಒಳ್ಳೇ ಕ್ಲಾಸ್ ಇನ್ನೊಂದಿಲ್ಲ. ಟೆಸ್ಟ್ ಮ್ಯಾಚಲ್ಲಿ ಹೊಸ ಕೆಂಪು ಚೆಂಡು ಬಂದ ತಕ್ಷಣ "ದಿ ನ್ಯೂ ಚೆರಿ" ಅಂತಾರೆ, ಆ ಕೆಂಪು ಹೊಳಪಿಗೆ. ಬೌಲರ್ ಆಡೋಕಾಗದ ಅಂಥ ಬಾಲ್ ಹಾಕಿದ್ರೆ "ಎ ಪೀಚ್ ಆಫ್ ಎ ಡೆಲಿವರಿ". ಪೀಚ್ ಅಂದ್ರೆ ಇಲ್ಲಿ ಅದ್ಭುತ ಅಂತ, ಬರೀ ಬಾಲಿಗೇ ಅಂತಿಲ್ಲ, ಎ ಪೀಚ್ ಆಫ್ ಎ ಗೋಲ್, ಎ ಪೀಚ್ ಆಫ್ ಎ ಶಾಟ್ ಎಲ್ಲ ನಡೆಯುತ್ತೆ. ಇನ್ನೂ ಒಂದು ಕೈ ಮೇಲಿನ ಬಾಲಿಗೆ "ಜಾಫಾ" ಅಂತಾರೆ. ಜಾಫಾ ಅನ್ನೋದು ಕಿತ್ತಳೆ ತಳಿ, ಜಾಫಾ ಬಂದರಿನ ಹೆಸರಲ್ಲಿ ಮಾರಾಟ ಆಗ್ತಿದ್ದಿದ್ದು. ಹೆಸರಲ್ಲೇ ನಮ್ಮ ಹಾಸನ ಜಿಲ್ಲೆ ಊರಿಟ್ಕೊಂಡಿರೋ ಜಾವಗಲ್ ಶ್ರೀನಾಥ್ ಅವರ ಹಳೇ ಬೌಲಿಂಗ್ ಸ್ಪೆಲ್ ಯಾವುದಾದ್ರೂ ಇಂಗ್ಲಿಷ್ ಕಾಮೆಂಟ್ರಿ ಸಮೇತ ಹಾಕ್ಕೊಂಡು ನೋಡಿ, ಇಂಥ ಪದ ಕಿವಿಗೆ ಬೀಳ್ತಾವೆ.

ಆದ್ರೆ ಎಲ್ಬಿಡಬ್ಲ್ಯೂ ಆದಾಗ "ದಟ್ಸ್ ಪ್ಲಂಬ್" ಅಂತಾರಲ್ಲ, ಅದು ಪ್ಲಮ್ ಹಣ್ಣಲ್ಲ. ಕಿವಿಗೆ ಎರಡೂ ಒಂದೇ, ಬರೆಯುವಾಗ ಇದರ ಕೊನೇಲಿ ಒಂದು ಬಿ ಇರುತ್ತೆ, ಬಾಯಲ್ಲಿ ಹೇಳಲ್ಲ. ಗಾರೆಯವರು ಗೋಡೆ ನೆಟ್ಟಗಿದೆಯಾ ಅಂತ ನೋಡೋಕೆ ದಾರಕ್ಕೆ ಕಟ್ಟಿ ಇಳಿಬಿಡೋ ಗುಂಡಿದೆಯಲ್ಲ, ಅದರ ಪದ. ಲ್ಯಾಟಿನ್ನಲ್ಲಿ ಪ್ಲಂಬಮ್ ಅಂದ್ರೆ ಸೀಸ, ಗುಂಡು ಸೀಸದ್ದು. ಪ್ಲಂಬರ್ ಕೂಡ ಅಲ್ಲಿಂದಾನೇ ಬಂದಿದ್ದು. ಔಟ್ ಅನ್ನೋದ್ರಲ್ಲಿ ಅನುಮಾನಾನೇ ಇಲ್ಲ, ಗುಂಡು ಇಳಿಬಿಟ್ಟಷ್ಟು ನೇರ ಅಂತ.

ಹೆಜ್ಜೆ 3: ಹೆಸರಲ್ಲಿ ಒಂದು ಹಣ್ಣು, ಬುಟ್ಟಿಯಲ್ಲಿ ಇನ್ನೊಂದು

ಆಪಲ್ ಅನ್ನೋ ಪದ ಹಳೇ ಇಂಗ್ಲಿಷಲ್ಲಿ ಸೇಬಿಗೆ ಮಾತ್ರ ಅಲ್ಲ, ಸುಮಾರು ಯಾವ ಹಣ್ಣಿಗಾದ್ರೂ ನಡೀತಿತ್ತು. ಇದೊಂದು ಗೊತ್ತಿದ್ರೆ ಎಷ್ಟೋ ಹೆಸರು ತಲೆಗೆ ಹತ್ತುತ್ತೆ. ಪೈನಾಪಲ್ ಅಂದ್ರೆ ಮೊದಲು ಪೈನ್ ಮರದ ಗಟ್ಟಿ ಕಾಯಿ, ಆಮೇಲೆ ಅನಾನಸ್ ನೋಡಿದೋರು ಇದೂ ಹಂಗೇ ಇದೆಯಲ್ಲ ಅಂತ ಅದಕ್ಕೇ ಆ ಹೆಸರು ಇಟ್ರು. ಕಸ್ಟರ್ಡ್ ಆಪಲ್ ನಮ್ಮ ಸೀತಾಫಲ, ವುಡ್ ಆಪಲ್ ರಾಮನವಮಿ ಪಾನಕಕ್ಕೆ ಹಾಕೋ ಬೇಲದ ಹಣ್ಣು, ರೋಸ್ ಆಪಲ್ ಪನ್ನೇರಳೆ. ಯಾವುದರಲ್ಲೂ ಸೇಬಿಲ್ಲ. ಮೆನು ಕಾರ್ಡ್ ಟ್ರಾನ್ಸ್‌ಲೇಟ್ ಮಾಡುವಾಗ ಆಪಲ್ ಕಂಡ ಕೂಡ್ಲೆ ಸೇಬು ಅಂತ ಬರೆದ್ಬಿಟ್ರೆ ಫಜೀತಿ.

ತೋಟದಲ್ಲಿ ಕಾಫಿ ಮಧ್ಯೆ ಬೆಳೆಯೋ ಬಟರ್ ಫ್ರೂಟನ್ನ ನಾವು ಆ ಹೆಸರಲ್ಲೇ ಕರೆಯೋದು, ಹೊರಗಿನೋರಿಗೆ ಅವಕಾಡೊ ಅಂದ್ರೇನೇ ಗೊತ್ತಾಗೋದು. ಮೂಸಂಬಿಗೆ ಸ್ವೀಟ್ ಲೈಮ್ ಅಂತ ಬೋರ್ಡ್ ಹಾಕಿದ್ರೆ ಅವರು ಸಕ್ಕರೆ ಹಾಕಿದ ನಿಂಬೆ ಶರಬತ್ತು ಅಂದ್ಕೋತಾರೆ. ಬೇಲಿ ಮೇಲೆ ಹಬ್ಬೋ ಪ್ಯಾಷನ್ ಫ್ರೂಟನ್ನ ನಮ್ಮ ಕಡೆ ಅರ್ಧಕ್ಕರ್ಧ ಜನ ಫ್ಯಾಷನ್ ಫ್ರೂಟ್ ಅಂತಾರೆ, ಕೇಳೋಕೆ ಚೆನ್ನಾಗೇ ಇದೆ, ಆದ್ರೆ ಬೋರ್ಡಲ್ಲಿ ಪ್ಯಾಷನ್ ಅಂತಾನೇ ಇರಲಿ. ಪ್ಯಾಷನ್ ಅಂದ್ರೆ ಇಲ್ಲಿ ಪ್ರೀತಿ ಪ್ರೇಮದ ವಿಷಯ ಅಲ್ಲ, ಏಸುಕ್ರಿಸ್ತ ಶಿಲುಬೆಯಲ್ಲಿ ಪಟ್ಟ ಯಾತನೆ. ದಕ್ಷಿಣ ಅಮೆರಿಕಕ್ಕೆ ಹೋದ ಪಾದ್ರಿಗಳು ಆ ಬಳ್ಳಿಯ ಹೂವಿನ ಭಾಗಗಳಲ್ಲಿ ಮುಳ್ಳಿನ ಕಿರೀಟ, ಮೊಳೆ ಎಲ್ಲ ಕಂಡು ಇಟ್ಟ ಹೆಸರು.

ಪೀಬೆರಿಲೂ ಅಷ್ಟೇ. ಕಾಫಿ ಹಣ್ಣಲ್ಲಿ ಸಾಮಾನ್ಯವಾಗಿ ಎರಡು ಬೇಳೆ ಒಂದಕ್ಕೊಂದು ಬೆನ್ನು ಕೊಟ್ಟು ಅಲ್ಲ, ಚಪ್ಪಟೆ ಮುಖ ಸೇರಿಸ್ಕೊಂಡು ಕೂತಿರ್ತಾವೆ, ಒಂದೇ ಬೆಳೆದ್ರೆ ಅದು ಬಟಾಣಿ ಥರ ಗುಂಡಗಾಗುತ್ತೆ, ಅದೇ ಪೀಬೆರಿ. ಬಟಾಣಿನೂ ಅಲ್ಲ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರಿನೂ ಅಲ್ಲ. ಆ ಲೆಕ್ಕ ಹಿಡ್ಕೊಂಡು ಹೋದ್ರೆ ಬಾಳೆಹಣ್ಣು ಬೆರಿ, ಟೊಮೆಟೊ ಬೆರಿ, ಬದನೆಕಾಯಿ ಬೆರಿ, ಸ್ಟ್ರಾಬೆರಿ ಮಾತ್ರ ಬೆರಿ ಅಲ್ಲ. ಪರೀಕ್ಷೆಗೆ ಓದೋರು ಇದನ್ನ ನೆನಪಿಟ್ಕೊಳ್ಳಿ, ಮಾತಾಡೋರು ಮರ್ತುಬಿಡಿ.

ಹೆಜ್ಜೆ 4: ಸ್ಪೆಲ್ಲಿಂಗ್ ಒಂದೇ, ಸಂಬಂಧ ಏನೂ ಇಲ್ಲ

ಇಲ್ಲಿ ಎಡವೋರೇ ಜಾಸ್ತಿ, ಅದ್ರಲ್ಲೂ ಲೈಮ್ ವಿಷಯದಲ್ಲಿ. ಅಡಿಕೆಗೆ ಕೊಳೆ ರೋಗ ಬರಬಾರ್ದು ಅಂತ ಬೋರ್ಡೋ ದ್ರಾವಣ ಹೊಡೀತೀವಲ್ಲ, ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ. ಇದನ್ನೇ ಇಂಗ್ಲಿಷಲ್ಲಿ ಓದಿದ್ರೆ ಕಾಪರ್ ಸಲ್ಫೇಟ್ ಆಂಡ್ ಲೈಮ್ ಅಂತಿರುತ್ತೆ. ಮೊಬೈಲಿಗೆ ಹಾಕಿ ಟ್ರಾನ್ಸ್‌ಲೇಟ್ ಒತ್ತಿದ್ರೆ ಅದು ನಿಂಬೆ ಅಂತ ಕೊಟ್ರೂ ಕೊಡ್ತು, ನಂಬ್ಕೊಂಡು 1 ಕೆಜಿ ನಿಂಬೆಹಣ್ಣು ಹಿಂಡೋಕೆ ಕೂರ್ಬೇಡಿ. ಲೈಮ್ ಅಂದ್ರೆ ಸುಣ್ಣ, ಲೈಮ್ ಅಂದ್ರೆ ನಿಂಬೆ, ಎರಡೂ ಬೇರೆ ಬೇರೆ ಕಡೆಯಿಂದ ಬಂದ ಪದ, ಅಚಾನಕ್ಕಾಗಿ ಸ್ಪೆಲ್ಲಿಂಗ್ ಒಂದೇ ಆಗಿದೆ. ಮಣ್ಣು, ಗೋಡೆ, ಸಿಮೆಂಟ್, ಸ್ಪ್ರೇ ಇವುಗಳ ಪಕ್ಕ ಇದ್ರೆ ಸುಣ್ಣ. ಲೈಮ್‌ಲೈಟ್ ಕೂಡ ಸುಣ್ಣದ್ದೇ: 19ನೇ ಶತಮಾನದಲ್ಲಿ ಕರೆಂಟ್ ಲೈಟ್ ಬರೋಕೂ ಮುಂಚೆ ನಾಟಕದ ಸ್ಟೇಜಿಗೆ ಸುಣ್ಣದ ತುಂಡನ್ನ ಭಯಂಕರ ಬಿಸಿ ಉರಿಯಲ್ಲಿ ಕಾಯಿಸಿ ಬೆಳಕು ಬಿಡ್ತಿದ್ರು, ಆ ಬೆಳಕಲ್ಲಿ ನಿಂತೋನು ಎಲ್ಲರ ಕಣ್ಣಿಗೆ ಬೀಳ್ತಿದ್ದ.

ಹಣ್ಣಿನ ಲೈಮಲ್ಲೂ ಒಂದು ಗೊಂದಲ ಇದೆ. ನಾವು ಚಿತ್ರಾನ್ನಕ್ಕೆ ಹಿಂಡೋ ಸಣ್ಣ ತೆಳು ಸಿಪ್ಪೆ ನಿಂಬೆಹಣ್ಣು ಅವರ ಲೆಕ್ಕದಲ್ಲಿ ಲೈಮ್, ಲೆಮನ್ ಅಂದ್ರೆ ದಪ್ಪ ಸಿಪ್ಪೆಯ ದೊಡ್ಡ ಹಳದಿ ಹಣ್ಣು. ನಮ್ಮ ಇಂಗ್ಲಿಷಲ್ಲಿ ಮಾತ್ರ ಲೆಮನ್ ರೈಸೂ ನಡೆಯುತ್ತೆ, ಫ್ರೆಶ್ ಲೈಮ್ ಸೋಡಾನೂ ನಡೆಯುತ್ತೆ, ಹಣ್ಣು ಒಂದೇ. ಬಳಸಿ, ತಪ್ಪಿಲ್ಲ.

ಡೇಟ್ ಖರ್ಜೂರನೂ ಹೌದು ತಾರೀಖೂ ಹೌದು. ಖರ್ಜೂರದ್ದು ಗ್ರೀಕಲ್ಲಿ ಬೆರಳು ಅನ್ನೋ ಪದದಿಂದ, ತಾರೀಖಿನದ್ದು ಲ್ಯಾಟಿನ್ನಲ್ಲಿ ಕೊಟ್ಟಿದ್ದು ಅನ್ನೋ ಪದದಿಂದ. ಟೆಕ್ಸ್ಟ್ ಬುಕ್ಕಲ್ಲಿ ಫಿಗ್ ಅಂತ ಬರೆದು ಚುಕ್ಕಿ ಇಟ್ಟು ನಂಬರ್ ಹಾಕಿದ್ರೆ ಅದು ಅಂಜೂರ ಅಲ್ಲ, ಫಿಗರ್ ಅನ್ನೋದರ ಕಿರುರೂಪ, ಚಿತ್ರ ನೋಡು ಅಂತ. ಕೇಕಿಗೆ ಹಾಕೋ ಕರಂಟ್ ಗ್ರೀಸಿನ ಕಾರಿಂತ್ ಊರ ಹೆಸರಿಂದ ಬಂದ ಪುಟ್ಟ ಒಣದ್ರಾಕ್ಷಿ, ಮಳೆಗಾಲದಲ್ಲಿ ನಮ್ಮಲ್ಲಿ ಹೇಳದೆ ಕೇಳದೆ ಹೋಗೋ ಕರೆಂಟ್ ಬೇರೆ, ಎ ಎಲ್ಲಿ ಇ ಎಲ್ಲಿ ಅಂತ ನೋಡ್ಕೊಳ್ಳಿ. ಇಂಪೀಚ್‌ಮೆಂಟಲ್ಲಿ ಪೀಚ್ ಇಲ್ಲ, ಅದು ಕಾಲಿಗೆ ಬೇಡಿ ಹಾಕೋದು ಅನ್ನೋ ಲ್ಯಾಟಿನ್ ಪದದ್ದು. ನಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ ಆಗಿದೆಯಾ ಅಂತ ಕೇಳಿದ್ರೆ ಅದಕ್ಕೂ ಹಣ್ಣಿಗೂ ಏನೂ ಸಂಬಂಧ ಇಲ್ಲ, ಕರ್ನಾಟಕ ಸರ್ಕಾರದ ರೈತರ ನೋಂದಣಿ ವ್ಯವಸ್ಥೆಯ ಹೆಸರಿನ ಅಕ್ಷರ ಜೋಡಿಸಿ ಮಾಡಿದ್ದು, ಅಡಿಕೆ ಬೆಳೆಯೋರಿಗೂ ರಾಗಿ ಬೆಳೆಯೋರಿಗೂ ಅದೇ ಐಡಿ. ಎಲ್ಲಾ ಅಕ್ಷರ ಕ್ಯಾಪಿಟಲಲ್ಲಿದ್ರೆ, ಪಕ್ಕದಲ್ಲಿ ಚುಕ್ಕಿ ಇದ್ರೆ ಮೊದಲು ಶಾರ್ಟ್‌ಫಾರ್ಮ್ ಇರಬಹುದಾ ಅಂತ ಯೋಚಿಸಿ.

ಹೆಜ್ಜೆ 5: ಬಣ್ಣನಾ ನೋಡಿ

ಇದು ಬೇಗ ಮುಗಿಯುತ್ತೆ. ಸೀರೆ, ಪೇಂಟ್, ಗಾಡಿ, ಲಿಪ್‌ಸ್ಟಿಕ್ ಹಿಂದೆ ಪೀಚ್, ಪ್ಲಮ್, ಆಲಿವ್, ಲೈಮ್, ಚೆರಿ ಬಂದ್ರೆ ಬಣ್ಣ. ನಾವೂ ಕಿತ್ತಳೆ ಬಣ್ಣ, ನೇರಳೆ ಬಣ್ಣ ಅಂತೀವಲ್ಲ. ಆರೆಂಜ್ ವಿಷಯದಲ್ಲಿ ಹಣ್ಣು ಮೊದಲು ಬಂತು, ಬಣ್ಣಕ್ಕೆ ಆ ಹೆಸರು ಹತ್ತಿದ್ದು 16ನೇ ಶತಮಾನದಲ್ಲಿ, ಅದಕ್ಕೂ ಮುಂಚೆ ಇಂಗ್ಲಿಷರು ಆ ಬಣ್ಣಾನ ಕೆಂಪು ಅಂತಾನೋ ಹಳದಿ ಕೆಂಪು ಅಂತಾನೋ ಹೇಳಿ ಮುಗಿಸ್ತಿದ್ರು. ಆ ಪದದ ಹಿಂದೆ ಹೋದ್ರೆ ಫ್ರೆಂಚ್, ಅರಬ್ಬಿ, ಪರ್ಷಿಯನ್ ದಾಟಿ ಸಂಸ್ಕೃತದ ನಾರಂಗಕ್ಕೆ ಬರುತ್ತೆ. ಐಪಿಎಲ್‌ನ ಆರೆಂಜ್ ಕ್ಯಾಪ್ ಹಣ್ಣಿನ ಟೋಪಿ ಅಲ್ಲ ಅಂತ ಯಾರಿಗೂ ಹೇಳ್ಬೇಕಾಗಿಲ್ಲ.

ಹೆಜ್ಜೆ 6: ಹೊಗಳಿಕೆನಾ ತೆಗಳಿಕೆನಾ ತೂಗಿ

ಮೇಲಿನ ಯಾವುದೂ ಅಲ್ಲ ಅಂದ್ರೆ ಇಡಿಯಮ್. ಆಗ ಅಕಾರಾದಿಯಲ್ಲಿ ಕಲಿಯೋ ಬದಲು ಮೂಡ್ ಹಿಡಿದು ಕಲೀರಿ.

ಒಳ್ಳೇ ಮೂಡಿನವು ಕಮ್ಮಿ: ಪ್ಲಮ್, ಪೀಚ್, ಆಪಲ್ ಆಫ್ ಹಿಸ್ ಐ ಆಗಲೇ ಹೇಳಿದೆ. ಎಲ್ಲಾ ಚೆನ್ನಾಗಿ ಆಗಿ ಅದರ ಮೇಲೊಂದು ಬೋನಸ್ ಸಿಕ್ಕಿದ್ರೆ ಚೆರಿ ಆನ್ ದಿ ಕೇಕ್. ಗುಂಪಲ್ಲಿ ಮುಖ್ಯಸ್ಥ ಟಾಪ್ ಬನಾನಾ, ಆದ್ರೆ ಇದರಲ್ಲಿ ಸ್ವಲ್ಪ ಗೇಲಿ ಧ್ವನಿ ಇದೆ, ನಿಮ್ಮ ಮ್ಯಾನೇಜರ್‌ಗೆ ಅನ್ಬೇಡಿ.

ಕೆಟ್ಟ ಮೂಡಿನವು ರಾಶಿ. ಲೆಮನ್ ಅಂತೂ ನಮಗೆ ಪೂರ್ತಿ ಉಲ್ಟಾ. ನಾವು ಹೊಸ ಗಾಡಿ ತಂದ್ರೆ ಪೂಜೆ ಮಾಡ್ಸಿ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಹತ್ತಿಸ್ತೀವಿ, ಸಾಹೇಬರನ್ನ ನೋಡೋಕೆ ಹೋದ್ರೂ ಕೈಲೊಂದು ನಿಂಬೆಹಣ್ಣು. ಅಮೆರಿಕದಲ್ಲಿ ಗಾಡಿನೇ ಲೆಮನ್ ಅಂದ್ರೆ ಕೊಂಡ ದಿನದಿಂದ ಗ್ಯಾರೇಜಲ್ಲೇ ಇರೋ ಗಾಡಿ. ಅಲ್ಲಿ ಇಂಥ ಗಾಡಿ ವಾಪಸ್ ಕೊಡೋಕೆ ಇರೋ ಕಾನೂನುಗಳಿಗೇ ಲೆಮನ್ ಲಾ ಅಂತ ಹೆಸರು. ಅರ್ಥಶಾಸ್ತ್ರ ಓದೋ ಮಕ್ಕಳಿಗೆ ಇದು ಸಿಲಬಸ್ಸಲ್ಲೂ ಸಿಗುತ್ತೆ: 1970ರಲ್ಲಿ ಜಾರ್ಜ್ ಅಕರ್ಲಾಫ್ ಸೆಕೆಂಡ್ ಹ್ಯಾಂಡ್ ಕಾರ್ ಮಾರ್ಕೆಟ್ ಬಗ್ಗೆ ಲೆಮನ್ ಪದ ಇಟ್ಟೇ ಒಂದು ಪ್ರಬಂಧ ಬರೆದ್ರು. ಕೊಳ್ಳೋನಿಗೆ ಒಳ್ಳೇ ಗಾಡಿ ಯಾವುದು ಕೆಟ್ಟದ್ಯಾವುದು ಗೊತ್ತಾಗಲ್ಲ ಅಂತ ಮಧ್ಯದ ರೇಟ್ ಕೊಡ್ತಾನೆ, ಆ ರೇಟಿಗೆ ಒಳ್ಳೇ ಗಾಡಿಯೋರು ಮಾರಲ್ಲ ಅಂತ ಹೊರಟ್ಹೋಗ್ತಾರೆ, ಕೊನೆಗೆ ಮಾರ್ಕೆಟ್ಟಲ್ಲಿ ಡಬ್ಬಾಗಳೇ ಉಳಿಯುತ್ತೆ ಅಂತ ಅವರ ವಾದ. 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಸಂತೇಲಿ ಹಸು ಕೊಂಡೋರಿಗೆ ಈ ಥಿಯರಿ ಓದದೇನೇ ಗೊತ್ತು.

ಸೌರ್ ಗ್ರೇಪ್ಸ್ ನಮಗೂ ಗೊತ್ತಿರೋ ನರಿ ಕಥೆ, ಈಸೋಪಂದು. ಆದ್ರೆ ಬರೀ ಹೊಟ್ಟೆಕಿಚ್ಚಿಗೆಲ್ಲ ಇದನ್ನ ಹಾಕ್ಬೇಡಿ. ತನಗೆ ಬೇಕಿತ್ತು, ಸಿಗ್ಲಿಲ್ಲ, ಈಗ ಅದೇ ಸರಿ ಇಲ್ಲ ಅಂತ ಮೂಗು ಮುರೀತಿದಾನೆ, ಈ ಮೂರೂ ಇದ್ರೆ ಮಾತ್ರ ಸೌರ್ ಗ್ರೇಪ್ಸ್. ಬ್ಯಾಡ್ ಆಪಲ್ ಅಂದ್ರೆ ಗುಂಪು ಕೆಡಿಸೋ ಒಬ್ಬ. ಪ್ಲಾನ್ ಎಲ್ಲ ಹಳ್ಳ ಹಿಡೀತು ಅನ್ನೋಕೆ ಬ್ರಿಟನ್ ಕಡೆಯೋರು "ಇಟ್ ವೆಂಟ್ ಪೇರ್ ಶೇಪ್ಡ್" ಅಂತಾರೆ. ಫಿಗ್ ಲೀಫ್ ಅಂದ್ರೆ ಹುಳುಕು ಮುಚ್ಚೋಕೆ ಅಡ್ಡ ಹಿಡಿದ ನೆಪ. ಬನಾನಾ ರಿಪಬ್ಲಿಕ್ ಅನ್ನೋದನ್ನ 1904ರಲ್ಲಿ ಅಮೆರಿಕದ ಕಥೆಗಾರ ಓ. ಹೆನ್ರಿ ಬಳಕೆಗೆ ತಂದಿದ್ದು, ಹೊಂಡುರಾಸ್ ಥರದ, ಬಾಳೆಹಣ್ಣಿನ ರಫ್ತು ನಂಬ್ಕೊಂಡು ವಿದೇಶಿ ಕಂಪನಿಗಳ ಕೈಗೊಂಬೆ ಆಗಿದ್ದ ದೇಶಗಳ ಬಗ್ಗೆ, ಈಗ ಕಾನೂನು ಕಟ್ಟಳೆ ಇಲ್ಲದ ಯಾವ ಜಾಗಕ್ಕಾದ್ರೂ ಬೈಗುಳದ ಥರ ಹಾಕ್ತಾರೆ.

ನಡುವಿನವು ಮೂರ್ನಾಲ್ಕು ಇವೆ, ಆಫೀಸಲ್ಲಿ ದಿನಾ ಕೇಳೋವು. ಆಪಲ್ಸ್ ಆಂಡ್ ಆರೆಂಜಸ್ ಅಂದ್ರೆ ಹೋಲಿಸಬಾರದ ಎರಡನ್ನ ಹೋಲಿಸೋದು. ನಮ್ಮ ಅಜಗಜಾಂತರ ಇದಕ್ಕೆ ಸರಿಹೋಗಲ್ಲ, ಅದು ದೊಡ್ಡದು ಚಿಕ್ಕದರ ಮಾತು, ಇದು ಜಾತಿನೇ ಬೇರೆ ಅನ್ನೋ ಮಾತು. ಅರೇಬಿಕಾ ಇಳುವರಿನ ರೋಬಸ್ಟಾ ಇಳುವರಿ ಜೊತೆ ಇಟ್ಟು ನೀನು ಬೆಳೆದಿದ್ದು ಕಮ್ಮಿ ಅಂದ್ರೆ ಅದು ಆಪಲ್ಸ್ ಆಂಡ್ ಆರೆಂಜಸ್. ಗ್ರೇಪ್‌ವೈನಲ್ಲಿ ಕೇಳಿದೆ ಅಂದ್ರೆ ಬಾಯಿಂದ ಬಾಯಿಗೆ ಬಂದ ಸುದ್ದಿ. ಲೋ ಹ್ಯಾಂಗಿಂಗ್ ಫ್ರೂಟ್ ಅಂದ್ರೆ ಏಣಿ ಇಲ್ಲದೆ ಕೈಗೆಟುಕೋ ಕೆಲಸ, ಮೊದಲು ಮುಗಿಸ್ಬಿಡೋಣ ಅಂತ. ನಿಮ್ಮ ಕೆಲಸದ ಬಗ್ಗೆ ನೀವೇ ಹೇಳ್ಕೊಂಡ್ರೆ ಸರಿ, ಪಕ್ಕದೋನು ಕಷ್ಟಪಟ್ಟು ಮಾಡಿದ್ದಕ್ಕೆ ಹಂಗಂದ್ರೆ ಅವನ ಮುಖ ಹುಳಿ ಹುಳಿ ಆಗುತ್ತೆ.

ಹೆಜ್ಜೆ 7: ಬಾಯಿಗೆ ತರೋ ಮುಂಚೆ

ಅರ್ಥ ಆಗೋದು ಬೇರೆ, ಬಳಸೋದು ಬೇರೆ. ಅರ್ಥ ಎಲ್ಲದರದ್ದೂ ಗೊತ್ತಿರಲಿ, ಬಳಸೋಕೆ ನಾಲ್ಕೈದು ಸಾಕು. ಅಚ್ಚು ಮುರೀಬೇಡಿ: ಗೋ ಬನಾನಾ ಅಲ್ಲ, ಬನಾನಾಸ್, ಎಸ್ ಬೇಕು. ಸೌರ್ ಗ್ರೇಪ್ ಅಲ್ಲ, ಗ್ರೇಪ್ಸ್. ಲೋ ಹ್ಯಾಂಗಿಂಗ್ ಫ್ರೂಟಿಗೆ ಎಸ್ ಬೇಡ. ಸುಮ್ನೆ ಹಣ್ಣಿನ ವಿಷಯ ಬಂದ್ರೆ "ಐ ಈಟ್ ಫ್ರೂಟ್ ಎವ್ರಿ ಡೇ", ಬೇರೆ ಬೇರೆ ಜಾತಿ ಹಣ್ಣು ಅನ್ನೋವಾಗ ಫ್ರೂಟ್ಸ್. ಬಾಳೆ ಚಿಪ್ಪಿಗೆ ಹ್ಯಾಂಡ್, ಗೊನೆಗೆ ಬಂಚ್.

ನಮ್ಮ ಗಾದೆನ ಸೀದಾ ಇಂಗ್ಲಿಷಿಗೆ ತಿರುಗಿಸೋಕೂ ಹೋಗ್ಬೇಡಿ. ಅಂಗೈ ನೆಲ್ಲಿಕಾಯಿ, ಸುಲಿದ ಬಾಳೆಹಣ್ಣು, ಓಡಾಡಿ ಹಣ್ಣುಗಾಯಿ ನೀರುಗಾಯಿ ಆದೆ ಅನ್ನೋದೆಲ್ಲ ನಮಗೆ ಸೊಗಸು, ಇಂಗ್ಲಿಷಲ್ಲಿ ಅಡುಗೆ ರೆಸಿಪಿ ಥರ ಕೇಳುತ್ತೆ.

ಮನುಷ್ಯರ ಮೇಲೆ ಮಾತ್ರ ಹಣ್ಣಿನ ಹೆಸರು ಹಾಕುವಾಗ ತುಂಬ ಹುಷಾರು. ಕೋಕನಟ್, ಬನಾನಾ ಇವನ್ನ ಹೊರದೇಶಗಳಲ್ಲಿ ಚರ್ಮದ ಬಣ್ಣ ಇಟ್ಟು ಅವಮಾನ ಮಾಡೋಕೆ ಬಳಸ್ತಾರೆ, ಹೊರಗೆ ಒಂದು ಬಣ್ಣ ಒಳಗೆ ಬಿಳಿ ಅಂತ. ಫ್ರೂಟ್ ಅಂತ ಗಂಡಸರನ್ನ ಕರೆಯೋದೂ ಹಳೇ ಬೈಗುಳ. ಹೆಣ್ಮಕ್ಕಳ ಮುಂದೆ ಚೆರಿ, ಮೆಲನ್ ಅಂತ ಜೋಕ್ ಮಾಡೋದು ಅಸಹ್ಯ, ಸಿನಿಮಾದಲ್ಲಿ ಕೇಳಿದ್ರೂ ಅಲ್ಲೇ ಬಿಟ್ಟುಬನ್ನಿ.

ಪ್ರಾಕ್ಟೀಸ್‌ಗೆ ಒಂದು ನೋಟ್ ಬುಕ್ ಇಡಿ. ಇಂಗ್ಲಿಷ್ ಪೇಪರಿನ ರಾಜಕೀಯ ಪುಟ, ಕ್ರಿಕೆಟ್ ಪುಟ, ಕಾಫಿ ಮಾರ್ಕೆಟ್ ಸುದ್ದಿ, ಇಷ್ಟರಲ್ಲಿ ಹಣ್ಣಿನ ಹೆಸರು ಕಂಡಾಗೆಲ್ಲ ಪೂರ್ತಿ ವಾಕ್ಯ ಬರ್ಕೊಳ್ಳಿ, ಪದ ಮಾತ್ರ ಅಲ್ಲ. ಪಕ್ಕದಲ್ಲಿ ಹಣ್ಣು, ಕಸುಬು, ಬಣ್ಣ, ಇಡಿಯಮ್ ಇದರಲ್ಲಿ ಒಂದು ಗುರುತು ಹಾಕಿ. ಆಮೇಲೆ ಡಿಕ್ಷನರಿ ತೆಗೀರಿ, ಮೊದಲ ಅರ್ಥಕ್ಕೇ ನಿಲ್ಲಬೇಡಿ, ಅಲ್ಲಿ ಹಣ್ಣೇ ಇರುತ್ತೆ, ಕೆಳಗೆ ಇಡಿಯಮ್ಸ್ ಅನ್ನೋ ಭಾಗದ ತನಕ ಇಳೀರಿ. ಅರ್ಥದ ಮುಂದೆ ಇನ್‌ಫಾರ್ಮಲ್ ಅಂತ ಸಣ್ಣಕ್ಷರದಲ್ಲಿದ್ರೆ ಬ್ಯಾಂಕಿಗೆ, ಕಾಲೇಜಿಗೆ ಬರೆಯೋ ಲೆಟರಲ್ಲಿ ಹಾಕ್ಬೇಡಿ, ಬ್ರಿಟಿಷ್ ಅಂತಿದ್ರೆ ಅಮೆರಿಕದ ಕ್ಲೈಂಟ್‌ಗೆ ಗೊತ್ತಾಗದೇ ಇರಬಹುದು, ಅಫೆನ್ಸಿವ್ ಅಂತಿದ್ರೆ ಓದಿ ತಿಳ್ಕೊಳ್ಳಿ, ಅಷ್ಟೇ.